ಕೈಗಾರಿಕಾ ಸಮಾಜಗಳಲ್ಲಿ ಸಾಮಾಜಿಕ ಚಲನೆ: ಐತಿಹ್ಯ, ಕೋಷ್ಟಕ ಮತ್ತು ಚರಿತ್ರೆ

ಲಂಡನ್ ನಗರದ ಐತಿಹ್ಯಗಳಲ್ಲಿ ಡಿಕ್ ವಿಟಿಂಗ್ಟನ್ನನ ಕಥೆ ಬಹು ಪ್ರಸಿದ್ಧವಾದುದು. ತಂದೆತಾಯಿಗಳಿಲ್ಲದ ಬಡ ಹುಡುಗನೊಬ್ಬ ಲಂಡನ್ನಿನ ಬೀದಿಗಳಿಗೆ ಚಿನ್ನ ಹಾಸಿದೆಯೆಂಬ ಮಾತನ್ನು ನಂಬಿ ಹಳ್ಳಿಯಿಂದ ಬರುತ್ತಾನೆ. ವರ್ತಕನೊಬ್ಬನ ಅಡುಗೆಮನೆಯಲ್ಲಿ ಚಾಕರಿಗೆ ನಿಲ್ಲುತ್ತಾನೆ. ತನಗಿದ್ದ ಏಕೈಕ ಆಸ್ತಿಯಾದ ಬೆಕ್ಕನ್ನು ಯಜಮಾನನ ಹಡಗಿನಲ್ಲಿ ವ್ಯಾಪಾರಕ್ಕೆ ಕಳುಹಿಸುತ್ತಾನೆ. ಇಲಿಗಳ ಕಾಟದಿಂದ ಕಂಗೆಟ್ಟಿದ್ದ ದೂರದೇಶದ ರಾಜ ಆ ಬೆಕ್ಕಿಗೆ ಅಪಾರ ಹೊನ್ನನ್ನು ತೆರುತ್ತಾನೆ. ಅತ್ತ, ಅಡುಗೆಯವಳ ಹಿಂಸೆ ತಾಳಲಾರದೆ ಓಡಿಹೋಗುತ್ತಿದ್ದ ಹುಡುಗನನ್ನು ಚರ್ಚಿನ ಗಂಟೆಗಳ ನಾದ ಹಿಂದಕ್ಕೆ ಕರೆಯುತ್ತದೆ. ಮುಂದೆ ಅವನು ಯಜಮಾನನ ಮಗಳನ್ನು ವರಿಸಿ, ಮೂರು ಸಲ ಲಂಡನ್ನಿನ ಮೇಯರ್ ಆಗುತ್ತಾನೆ.

ಚರಿತ್ರೆಯ ರಿಚರ್ಡ್ ವಿಟಿಂಗ್ಟನ್ 1423ರಲ್ಲಿ ತೀರಿಕೊಂಡವನು. ಅವನು ಮೇಯರ್ ಆಗಿದ್ದುದು ನಿಜ. ಬೆಲೆಬಾಳುವ ಬಟ್ಟೆಗಳ ವರ್ತಕನಾಗಿ ಅರಸರಿಗೆ ಸಾಲ ಕೊಡುವಷ್ಟು ಧನಿಕನಾಗಿದ್ದುದೂ ನಿಜ. ಆದರೆ ಅವನು ಬಡವನಾಗಿರಲಿಲ್ಲ. ಗ್ಲಾಸ್ಟರ್‌ಷೈರ್ ಪ್ರಾಂತದ ಪಾಂಟ್ಲಿ ಎಂಬ ಊರಿನಲ್ಲಿ ನೈಟ್ ಪದವಿಯ ಭೂಮಾಲೀಕನೊಬ್ಬನ ಕಿರಿಯ ಮಗನಾಗಿ ಹುಟ್ಟಿದವನು. ಆಸ್ತಿ ಹಿರಿಯ ಮಗನಿಗೆ ಸಲ್ಲುವ ಪದ್ಧತಿಯಿದ್ದುದರಿಂದ ಅವನು ವ್ಯಾಪಾರ ಕಲಿಯಲು ನಗರಕ್ಕೆ ಬಂದ. ಬೆಕ್ಕಿನ ಕಥೆ ಅವನಿಗೆ ಅಂಟಿಕೊಂಡದ್ದು ಬಹಳ ಕಾಲದ ಮೇಲೆ. ಅವನನ್ನು ಕುರಿತ ನಾಟಕವೂ ಲಾವಣಿಯೂ ದಾಖಲೆಯಲ್ಲಿ ಕಾಣಿಸಿಕೊಳ್ಳುವುದು 1605ರಲ್ಲಿ. ಈ ಕಥೆ ಆರ್ನೆ–ಥಾಮ್ಸನ್–ಉತರ್ ವರ್ಗಸೂಚಿಯಲ್ಲಿ 1651ನೆಯ ವರ್ಗವಾಗಿ ಸೇರಿದ್ದು, ಇದರ ಪಾಠಾಂತರಗಳು ಅನೇಕ ದೇಶಗಳಲ್ಲಿ ದೊರೆತಿವೆ. ನಮ್ಮ ಕಥಾಸರಿತ್ಸಾಗರದಲ್ಲಿಯೂ ಇದಕ್ಕೆ ದೂರದ ನಂಟಿನ ಕಥೆಯೊಂದಿದೆ. ಸತ್ತ ಇಲಿಯೊಂದನ್ನೇ ಬಂಡವಾಳವಾಗಿ ಪಡೆದು, ಅದನ್ನು ಬೆಕ್ಕಿನ ಆಹಾರಕ್ಕೆ ಮಾರಿ, ಬಂದ ಕಡಲೆಯನ್ನು ಸೌದೆ ಹೊರುವವರಿಗೆ ಕೊಟ್ಟು, ಅವರಿಂದ ಸೌದೆ ಪಡೆದು ಶ್ರೀಮಂತನಾದ ವರ್ತಕನ ಕಥೆ ಅದು.

ಜಾನಪದ ಅಧ್ಯಯನದಲ್ಲಿ ತೊಡಗಿರುವ ನನ್ನಂಥವರಿಗೆ ಕಥೆ ಸುಳ್ಳೋ ನಿಜವೋ ಎಂಬುದಕ್ಕಿಂತ, ಯಾವ ಸಮಾಜ ಯಾವ ಕಾಲದಲ್ಲಿ ಅದನ್ನು ನಂಬಿಕೊಂಡು ಹೇಳಿತು ಎಂಬುದು ಮುಖ್ಯ ಪ್ರಶ್ನೆ. ಕೈಗಾರಿಕಾ ಸಮಾಜಗಳ ಸಾಮಾಜಿಕ ಚಲನೆಯನ್ನು ಕುರಿತು ಕಳೆದ ನೂರು ವರ್ಷಗಳಲ್ಲಿ ನಡೆದ ತೌಲನಿಕ ಅಧ್ಯಯನಗಳನ್ನು ಓದುವಾಗ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಸಮಾಜಶಾಸ್ತ್ರಜ್ಞರು ಕೋಷ್ಟಕಗಳನ್ನು ಕಟ್ಟಿ ಐತಿಹ್ಯಗಳನ್ನು ಅಲ್ಲಗಳೆದರು. ಅನಂತರ ಬಂದ ಚರಿತ್ರಕಾರರು ಹಳೆಯ ಜನಗಣತಿಯ ಪುಟಗಳನ್ನು ತೆರೆದು, ಆ ಐತಿಹ್ಯಗಳಲ್ಲಿ ಒಂದಕ್ಕಾದರೂ ಹಿಂದೊಮ್ಮೆ ಆಧಾರವಿತ್ತೆಂದು ತೋರಿಸಿದರು. ಐತಿಹ್ಯವು ತಾನು ಹುಟ್ಟಿದ ಪರಿಸ್ಥಿತಿ ಅಳಿದ ಮೇಲೂ ಉಳಿಯುತ್ತದೆ ಮತ್ತು ಹಾಗೆ ಉಳಿದಾಗ ಬೇರೆಯೇ ಕೆಲಸ ಮಾಡತೊಡಗುತ್ತದೆ ಎಂಬುದು ಪ್ರಸ್ತುತ ಲೇಖನದ ನಿಲುವು.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಥ ಕಥನಗಳು ಅಚ್ಚಿನ ಮನೆಯಿಂದ ಹೇರಳವಾಗಿ ಹೊರಬಂದವು. ಸ್ಯಾಮ್ಯುಯೆಲ್ ಸ್ಮೈಲ್ಸ್‌ನ 'ಸೆಲ್ಫ್ ಹೆಲ್ಪ್' 1859ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾಯಿತು. ಕುಶಲಕರ್ಮಿಗಳೂ ಯಂತ್ರಗಳನ್ನು ಕಂಡುಹಿಡಿದವರೂ ಪರಿಶ್ರಮದಿಂದ ಮೇಲೆ ಬಂದ ಜೀವನಚಿತ್ರಗಳ ಸಂಗ್ರಹವದು. 1871ರಲ್ಲಿ ನಕಮುರ ಮಸನಾವೊ ಇದನ್ನು ಜಪಾನೀ ಭಾಷೆಗೆ ತಂದನು. ಅದೇ ವರ್ಷ ಜಪಾನಿನಲ್ಲಿ ಹಳೆಯ ಸಂಸ್ಥಾನಗಳು ರದ್ದಾದವು. ಮರುವರ್ಷ ಹೊಸ ಶಿಕ್ಷಣ ಶಾಸನ ಬಂದಿತು. ಹುಟ್ಟಿನಿಂದ ಬಂದ ಅಂತಸ್ತು ಕುಸಿಯುತ್ತಿದ್ದ ಹೊತ್ತಿನಲ್ಲಿ ಸಾಮುರಾಯ್ ಮನೆತನಗಳ ತರುಣರು ಈ ಪುಸ್ತಕವನ್ನು ಓದಿದರು. ಒಂದೇ ಪುಸ್ತಕ ಎರಡು ದೇಶಗಳಲ್ಲಿ ಎರಡು ಬಗೆಯ ಓದುಗರನ್ನು ಪಡೆದ ಈ ಸಂಗತಿ ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದುದು.

ಅಮೆರಿಕದಲ್ಲಿ ಈ ಸ್ಥಾನ ಹೊರೇಷಿಯೊ ಆಲ್ಜರ್‌ಗೆ ಸಲ್ಲುತ್ತದೆ. ಅವನ 'ರ್‍ಯಾಗೆಡ್ ಡಿಕ್' 1868ರಲ್ಲಿ ಪುಸ್ತಕರೂಪದಲ್ಲಿ ಬಂದಿತು. ಚಿಂದಿ ಬಟ್ಟೆಯಿಂದ ಕೋಟ್ಯಧೀಶನಾಗುವ ಕಥೆಯೆಂದು ಇದನ್ನು ಓದದವರು ಹೇಳುವುದುಂಟು. ಓದಿದವರಿಗೆ ಕಾಣುವುದೇ ಬೇರೆ. ನ್ಯೂಯಾರ್ಕಿನ ಬೀದಿಯಲ್ಲಿ ಬೂಟು ಪಾಲಿಶ್ ಮಾಡುವ ಹುಡುಗ ಕೊನೆಗೆ ಆಗುವುದು ಗುಮಾಸ್ತ. ಅದೂ ಕೇವಲ ಪರಿಶ್ರಮದಿಂದಲ್ಲ. ನೀರಿಗೆ ಬಿದ್ದ ಮಗುವೊಂದನ್ನು ಅವನು ರಕ್ಷಿಸುತ್ತಾನೆ, ಆ ಮಗುವಿನ ತಂದೆ ಸಿರಿವಂತನಾಗಿರುತ್ತಾನೆ. ಆಕಸ್ಮಿಕ ಮತ್ತು ಧನಿಕನ ಕೃಪೆ ಎಂಬ ಎರಡು ಆಶಯಗಳು ವಿಟಿಂಗ್ಟನ್ನನ ಬೆಕ್ಕಿನಿಂದ ಇಲ್ಲಿಯವರೆಗೆ ಹೆಚ್ಚು ಬದಲಾಗದೆ ಬಂದಿವೆ.

ಇದು ಜನಸಾಮಾನ್ಯರ ನಂಬಿಕೆ ಮಾತ್ರವಾಗಿರಲಿಲ್ಲ. 1835ರಲ್ಲಿ ಅಮೆರಿಕವನ್ನು ಕುರಿತು ಬರೆದ ತೊಕ್ವಿಲ್ ಅಲ್ಲಿಯ ಸಂಪತ್ತು ಕೈಯಿಂದ ಕೈಗೆ ವೇಗವಾಗಿ ಸಾಗುತ್ತದೆಂದು ಕಂಡ. 1852ರಲ್ಲಿ ಮಾರ್ಕ್ಸ್ ಅಲ್ಲಿ ವರ್ಗಗಳಿದ್ದರೂ ಅವು ಇನ್ನೂ ಗಟ್ಟಿಗೊಂಡಿಲ್ಲವೆಂದು ಬರೆದ. 1906ರಲ್ಲಿ ಜರ್ಮನಿಯ ವರ್ನರ್ ಸೋಂಬಾರ್ಟ್ ಅಮೆರಿಕದಲ್ಲಿ ಸಮಾಜವಾದ ಏಕೆ ಇಲ್ಲವೆಂಬ ಪ್ರಶ್ನೆಯನ್ನೇ ಪುಸ್ತಕದ ಶೀರ್ಷಿಕೆಯಾಗಿಸಿಕೊಂಡು, ಕೂಲಿಕಾರನಿಗೆ ಮೇಲೇರುವ ಇಲ್ಲವೇ ಪಶ್ಚಿಮದ ಖಾಲಿ ಭೂಮಿಗೆ ಹೋಗುವ ಅವಕಾಶವಿರುವುದನ್ನು ಕಾರಣಗಳಲ್ಲಿ ಒಂದಾಗಿ ಎತ್ತಿಹೇಳಿದ. ಇವರಾರ ಕೈಯಲ್ಲಿಯೂ ತಂದೆ–ಮಗನ ಕಸುಬುಗಳನ್ನು ಹೋಲಿಸಿದ ಎಣಿಕೆ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಎಣಿಕೆಯ ಕಡೆಗೆ ಮೊದಲ ದೊಡ್ಡ ಹೆಜ್ಜೆಯಿಟ್ಟವನು ಪಿಟಿರಿಮ್ ಸೊರೊಕಿನ್. ಅವನ 'ಸೋಷಿಯಲ್ ಮೊಬಿಲಿಟಿ' 1927ರಲ್ಲಿ ಪ್ರಕಟವಾಯಿತು. ಊರ್ಧ್ವ ಚಲನೆ, ಸಮತಲ ಚಲನೆ ಎಂಬ ಇಂದಿನ ಪರಿಭಾಷೆ ನೆಲೆಗೊಂಡದ್ದು ಈ ಗ್ರಂಥದಿಂದಲೇ. ಅವನ ಬಾಳೇ ಒಂದು ಉದಾಹರಣೆಯಾಗಿತ್ತು. ರಷ್ಯದ ಉತ್ತರದ ಕೋಮಿ ಜನರ ನಾಡಿನಲ್ಲಿ, ಊರಿಂದೂರಿಗೆ ಹೋಗಿ ಚರ್ಚುಗಳ ಪ್ರತಿಮಾಚಿತ್ರಗಳಿಗೆ ಚಿನ್ನದ ಲೇಪ ಕೊಡುತ್ತಿದ್ದ ಬಡ ಕುಶಲಕರ್ಮಿಯ ಮಗನಾಗಿ 1889ರಲ್ಲಿ ಹುಟ್ಟಿದ, ತರುಣನಾಗಿದ್ದಾಗ ಕೋಮಿ ಜನಾಂಗದ ಬಗ್ಗೆ ಕ್ಷೇತ್ರಕಾರ್ಯ ಮಾಡಿದ, 1917ರಲ್ಲಿ ಕೆರೆನ್‌ಸ್ಕಿಯ ಕಾರ್ಯದರ್ಶಿಯಾದ, ಸೆರೆಮನೆ ಕಂಡ, 1922ರಲ್ಲಿ ದೇಶಭ್ರಷ್ಟನಾಗಿ, ಕೊನೆಗೆ ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕನಾದ. ಏರುವುದು ಇಳಿಯುವುದು ಎರಡನ್ನೂ ಬಲ್ಲ ಇವನು, ಚರಿತ್ರೆಯಲ್ಲಿ ಚಲನೆ ಸತತವಾಗಿ ಹೆಚ್ಚುತ್ತಲೇ ಹೋಗುತ್ತದೆಂಬುದನ್ನು ಒಪ್ಪಲಿಲ್ಲ. ಅದು ಗೊತ್ತಾದ ದಿಕ್ಕಿಲ್ಲದೆ ಏರಿಳಿಯುತ್ತದೆ ಎಂಬುದು ಅವನ ತೀರ್ಮಾನ. ಮುಂದಿನ ಅರ್ಧ ಶತಮಾನದ ವಿದ್ವತ್ತು ಬಹುಮಟ್ಟಿಗೆ ಇದನ್ನೇ ಪರೀಕ್ಷಿಸಿತು ಎನ್ನಬಹುದು.

ಎರಡನೆಯ ಮಹಾಯುದ್ಧದ ಅನಂತರ ಸಮೀಕ್ಷೆಗಳ ಕಾಲ ಬಂದಿತು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಡೇವಿಡ್ ಗ್ಲಾಸ್ ಮತ್ತು ಸಂಗಡಿಗರು 1949ರಲ್ಲಿ ಬ್ರಿಟನ್ನಿನಲ್ಲಿ ನಡೆಸಿದ ಸಮೀಕ್ಷೆಯ ಫಲ 1954ರಲ್ಲಿ ಪ್ರಕಟವಾಯಿತು. ಬೇರೆ ದೇಶಗಳ ಸಮೀಕ್ಷೆಗಳೂ ಒದಗಿದ ಮೇಲೆ 1959ರಲ್ಲಿ ಸೀಮೋರ್ ಮಾರ್ಟಿನ್ ಲಿಪ್ಸೆಟ್ ಮತ್ತು ರೈನ್‌ಹಾರ್ಡ್ ಬೆಂಡಿಕ್ಸ್ ಅವುಗಳನ್ನು ಒಟ್ಟಿಗಿಟ್ಟು ಹೋಲಿಸಿದರು. ಒಬ್ಬನು ನ್ಯೂಯಾರ್ಕಿನಲ್ಲಿ ಹುಟ್ಟಿದ ವಲಸಿಗರ ಮಗ, ಇನ್ನೊಬ್ಬನು ಬರ್ಲಿನ್ನಿನಿಂದ 1938ರಲ್ಲಿ ಅಮೆರಿಕಕ್ಕೆ ಬಂದವನು. ದೈಹಿಕ ದುಡಿಮೆ ಮತ್ತು ದೈಹಿಕವಲ್ಲದ ದುಡಿಮೆ ಎಂಬ ಒಂದೇ ಗೆರೆಯನ್ನು ಎಳೆದು, ಎಷ್ಟು ಮಂದಿ ಮಕ್ಕಳು ತಂದೆಯ ಬದಿಯಿಂದ ಇನ್ನೊಂದು ಬದಿಗೆ ದಾಟಿದರೆಂದು ಇವರು ನೋಡಿದರು. ದೊರೆತ ಉತ್ತರ ಅನೇಕರನ್ನು ಬೆರಗುಗೊಳಿಸಿತು. ಪಶ್ಚಿಮದ ಕೈಗಾರಿಕಾ ದೇಶಗಳಲ್ಲೆಲ್ಲ ಈ ಗೆರೆ ದಾಟುವ ಪ್ರಮಾಣ ಹೆಚ್ಚುಕಡಿಮೆ ಒಂದೇ. ಅಮೆರಿಕಕ್ಕೆ ವಿಶೇಷ ಸ್ಥಾನವೇನೂ ಇರಲಿಲ್ಲ. ಹಾಗಾದರೆ ಅಮೆರಿಕ ಮುಕ್ತ, ಯೂರೋಪು ಬಂಧಿತ ಎಂಬ ಭಾವನೆ ಏಕೆ? ಅಮೆರಿಕಕ್ಕೆ ಊಳಿಗಮಾನ್ಯ ಗತಕಾಲವಿಲ್ಲ, ಸಮಾನತೆ ಅಲ್ಲಿಯ ಘೋಷಿತ ಮೌಲ್ಯ. ವ್ಯತ್ಯಾಸವಿರುವುದು ಚಲನೆಯಲ್ಲಿ ಅಲ್ಲ, ಚಲನೆಯ ಬಗೆಗಿನ ನಂಬಿಕೆಯಲ್ಲಿ ಎಂದು ಅವರು ವಾದಿಸಿದರು. ಐತಿಹ್ಯವು ಐತಿಹ್ಯವೇ ಎಂಬ ತೀರ್ಪು ಹೊರಬಿದ್ದಂತಾಯಿತು.

ಈ ಕೋಷ್ಟಕಗಳ ಒಳಗೆ ಏನಿರುತ್ತದೆಂದು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯೋಣ. ಒಂದು ಪಟ್ಟಣದಲ್ಲಿ 100 ತಂದೆಯರು. ಅವರಲ್ಲಿ 80 ಮಂದಿ ಕೂಲಿಗಳು, 20 ಮಂದಿ ಗುಮಾಸ್ತರು. ಪ್ರತಿಯೊಬ್ಬನಿಗೂ ಒಬ್ಬ ಮಗ. ಮಕ್ಕಳ ಕಾಲಕ್ಕೆ ಕಚೇರಿಗಳು ಬೆಳೆದು 40 ಗುಮಾಸ್ತಿಕೆಗಳಾಗುತ್ತವೆ. ಕೂಲಿಗಳ 80 ಮಕ್ಕಳಲ್ಲಿ 25 ಮಂದಿ ಗುಮಾಸ್ತರಾಗುತ್ತಾರೆ. ಗುಮಾಸ್ತರ 20 ಮಕ್ಕಳಲ್ಲಿ 15 ಮಂದಿ ಗುಮಾಸ್ತರಾಗಿಯೇ ಉಳಿದು 5 ಮಂದಿ ಕೂಲಿಗೆ ಇಳಿಯುತ್ತಾರೆ. ಕೂಲಿಯ ಮನೆಗಳಲ್ಲಿ ಸುಮಾರು ಮೂರರಲ್ಲೊಂದು ಮನೆಯ ಹುಡುಗ ಮೇಲೇರಿದ್ದಾನೆ. ಊರಿನ ಬಾಯಲ್ಲಿ ಹರಡುವುದು ಈ 25 ಮಂದಿಯ ಕಥೆ. ಇದನ್ನು ನಿರಪೇಕ್ಷ ಚಲನೆ ಎನ್ನುತ್ತಾರೆ. ಆದರೆ ಗುಮಾಸ್ತನ ಮಗ ಗುಮಾಸ್ತನಾಗುವ ಮತ್ತು ಆಗದಿರುವ ಸಂಭವ 3ಕ್ಕೆ 1. ಕೂಲಿಯ ಮಗನಿಗೆ ಅದು 5ಕ್ಕೆ 11. ಇವೆರಡನ್ನು ಹೋಲಿಸಿದರೆ ಗುಮಾಸ್ತನ ಮಗನ ಅನುಕೂಲ 6.6 ಪಟ್ಟು. ಇದು ಸಾಪೇಕ್ಷ ಚಲನೆಯ ಅಳತೆ. ಕಚೇರಿಗಳು ಹೆಚ್ಚಿದ್ದರಿಂದಲೇ ಬಹಳ ಜನ ಏರಬಹುದು. ಆಗಲೂ ಹುಟ್ಟಿನ ಅನುಕೂಲ ಕದಲದೆ ಉಳಿದಿರಬಹುದು. ಲಿಪ್ಸೆಟ್ ಮತ್ತು ಬೆಂಡಿಕ್ಸ್ ಇವೆರಡನ್ನು ಸ್ಪಷ್ಟವಾಗಿ ಬೇರ್ಪಡಿಸಿರಲಿಲ್ಲ. ಆ ಕೆಲಸವನ್ನು 1975ರಲ್ಲಿ ಫೆದರ್‌ಮನ್, ಜೋನ್ಸ್ ಮತ್ತು ಹೌಸರ್ ಮಾಡಿದರು: ಕೈಗಾರಿಕಾ ದೇಶಗಳಲ್ಲಿ ಸಮಾನವಾಗಿರುವುದು ಸಾಪೇಕ್ಷ ಚಲನೆ, ನಿರಪೇಕ್ಷ ಚಲನೆಯಲ್ಲ ಎಂದು ಅವರು ಪ್ರತಿಪಾದಿಸಿದರು. 1992ರಲ್ಲಿ ರಾಬರ್ಟ್ ಎರಿಕ್ಸನ್ ಮತ್ತು ಜಾನ್ ಗೋಲ್ಡ್‌ತೋರ್ಪ್ 'ದಿ ಕಾನ್‌ಸ್ಟಂಟ್ ಫ್ಲಕ್ಸ್' ಎಂಬ ಗ್ರಂಥದಲ್ಲಿ ಸಮಾಜವಾದಿ ಪೋಲೆಂಡ್, ಹಂಗೆರಿಗಳೂ ಸೇರಿದಂತೆ ಯೂರೋಪಿನ ದೇಶಗಳನ್ನು ಅಮೆರಿಕ, ಆಸ್ಟ್ರೇಲಿಯ, ಜಪಾನ್‌ಗಳೊಡನೆ ಹೋಲಿಸಿ ಬಹುಮಟ್ಟಿಗೆ ಇದನ್ನು ಸಮರ್ಥಿಸಿದರು. ಸ್ವೀಡನ್ನಿನಂಥ ದೇಶ ತುಸು ಹೆಚ್ಚು ಮುಕ್ತವಾಗಿ ಕಂಡಿತು. 2004ರಲ್ಲಿ ರಿಚರ್ಡ್ ಬ್ರೀನ್ ಸಂಪಾದಿಸಿದ ಯೂರೋಪಿನ ಅಧ್ಯಯನ ಈ ಸಮಾನತೆಯ ಚಿತ್ರವನ್ನು ಇನ್ನಷ್ಟು ಸಡಿಲಗೊಳಿಸಿತು.

ಇವೆಲ್ಲ ಇಪ್ಪತ್ತನೆಯ ಶತಮಾನದ ಚಿತ್ರ. ಆಲ್ಜರ್ ಬರೆದ ಕಾಲದಲ್ಲಿ ಏನಿತ್ತು? ಸ್ಟೀಫನ್ ಥರ್ನ್‌ಸ್ಟ್ರಾಮ್ 1964ರಲ್ಲಿ ಪ್ರಕಟಿಸಿದ 'ಪಾವರ್ಟಿ ಅಂಡ್ ಪ್ರೋಗ್ರೆಸ್' ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಗ್ರಂಥ. ಮಸಾಚುಸೆಟ್ಸ್‌ನ ನ್ಯೂಬರಿಪೋರ್ಟ್ ಎಂಬ ಸಣ್ಣ ಬಂದರು ಪಟ್ಟಣದ ಸಾಮಾನ್ಯ ಕೂಲಿಕಾರರನ್ನು ಅವನು 1850ರಿಂದ 1880ರವರೆಗೆ ಜನಗಣತಿಯ ಹಾಳೆಗಳಲ್ಲಿಯೂ ತೆರಿಗೆಯ ದಾಖಲೆಗಳಲ್ಲಿಯೂ ಹೆಸರು ಹಿಡಿದು ಹುಡುಕಿದ. ಬರೆಯಲು ಬಾರದವರ, ತಮ್ಮದೆಂಬ ಒಂದು ಪತ್ರವನ್ನೂ ಬಿಟ್ಟುಹೋಗದವರ ಚರಿತ್ರೆಯನ್ನು ಹೀಗೆ ಕಟ್ಟಬಹುದೆಂದು ತೋರಿಸಿದ್ದೇ ಒಂದು ದೊಡ್ಡ ಸಾಧನೆ. ಚಿಂದಿಯಿಂದ ಸಿರಿಗೆ ಏರಿದವರು ಅಲ್ಲಿ ಸಿಗಲಿಲ್ಲ. ಹೆಚ್ಚಿನ ಮಕ್ಕಳು ಕೈದುಡಿಮೆಯಲ್ಲಿಯೇ ಉಳಿದರು. ಆದರೆ ಊರಿನಲ್ಲಿ ನೆಲೆನಿಂತ ಕುಟುಂಬಗಳಲ್ಲಿ ಅನೇಕವು ವರ್ಷಗಟ್ಟಲೆ ಉಳಿತಾಯ ಮಾಡಿ ಒಂದು ಮನೆಯನ್ನು ಕೊಂಡವು. ಅದರಲ್ಲಿಯೂ ಐರಿಷ್ ವಲಸಿಗರು ಮನೆ ಮಾಡುವುದರಲ್ಲಿ ಮುಂದೆ, ಕಸುಬಿನಲ್ಲಿ ಏರುವುದರಲ್ಲಿ ಹಿಂದೆ. ಕಾರಣ ಸರಳವಾದುದು, ಕ್ರೂರವೂ ಆದುದು. ಮನೆಯ ಹಣ ಕೂಡಿಸಲು ಮಕ್ಕಳನ್ನು ಶಾಲೆ ಬಿಡಿಸಿ ದುಡಿಮೆಗೆ ಹಚ್ಚಬೇಕಾಗಿತ್ತು. ತಂದೆಯ ಏಳಿಗೆ ಮಗನ ಏಳಿಗೆಯನ್ನು ತಿಂದಿತು. ಇನ್ನು ಊರು ಬಿಟ್ಟುಹೋದವರ ಸಂಖ್ಯೆ ಉಳಿದವರಿಗಿಂತ ದೊಡ್ಡದು. ಅವರು ಏನಾದರೆಂದು ಆ ಪಟ್ಟಣದ ದಾಖಲೆ ಹೇಳಲಾರದು.

ಹೋದವರನ್ನು ಹಿಂಬಾಲಿಸುವುದು ಸಾಧ್ಯವಾದದ್ದು ಗಣಕಯಂತ್ರಗಳ ಕಾಲದಲ್ಲಿ. ಜೇಸನ್ ಲಾಂಗ್ ಮತ್ತು ಜೋಸೆಫ್ ಫೆರಿ ಅಮೆರಿಕದ 1850 ಮತ್ತು 1880ರ ಜನಗಣತಿಗಳಲ್ಲಿ, ಬ್ರಿಟನ್ನಿನ 1851 ಮತ್ತು 1881ರ ಜನಗಣತಿಗಳಲ್ಲಿ ಅದದೇ ವ್ಯಕ್ತಿಗಳನ್ನು ದೇಶವ್ಯಾಪಿಯಾಗಿ ಗುರುತಿಸಿ ಹೋಲಿಸಿದರು. 2013ರಲ್ಲಿ ಪ್ರಕಟವಾದ ಅವರ ನಿರ್ಣಯ, 1959ರ ತೀರ್ಪನ್ನು ಗತಕಾಲದ ಮಟ್ಟಿಗೆ ತಿರುಗಿಸಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕ ಬ್ರಿಟನ್ನಿಗಿಂತ ನಿಜಕ್ಕೂ ಹೆಚ್ಚು ಚಲನಶೀಲವಾಗಿತ್ತು. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಆ ಅಂತರ ಕರಗಿತ್ತು. ತೊಕ್ವಿಲ್‌ನೂ ಮಾರ್ಕ್ಸನೂ ಕಂಡದ್ದು ಬರಿಯ ಭ್ರಮೆಯಲ್ಲ ಎಂದಾಯಿತು.

ಇದಕ್ಕೆ ಅದೇ ಪತ್ರಿಕೆಯಲ್ಲಿ ಆಕ್ಷೇಪಗಳು ಬಂದವು. ಎಲ್ಲವೂ ರೈತರನ್ನು ಹೇಗೆ ಎಣಿಸುತ್ತೇವೆ ಎಂಬುದನ್ನು ಅವಲಂಬಿಸಿದೆ ಎಂದು ಕೆಲವು ಸಮಾಜಶಾಸ್ತ್ರಜ್ಞರು ಹೇಳಿದರು. ಅಮೆರಿಕದಲ್ಲಿ ಭೂಮಿ ಹೇರಳವಾಗಿದ್ದುದರಿಂದ ಕೂಲಿಯ ಮಗ ಜಮೀನು ಹಿಡಿಯುವುದು ಸುಲಭವಿತ್ತು. ರೈತನ ಮಗ ಹೊಲ ಬಿಡುವುದೂ ಸುಲಭವಿತ್ತು. ಬ್ರಿಟನ್ನಿನಲ್ಲಿ ಎರಡೂ ಕಷ್ಟ. ಈ ಆಕ್ಷೇಪದಲ್ಲಿ ತಿರುಳಿದೆ. ಆದರೆ ಸೋಂಬಾರ್ಟ್ ಹೇಳಿದ ಖಾಲಿ ಭೂಮಿಯ ಮಾತೂ ಇದೇ ಅಲ್ಲವೇ? ರೈತರನ್ನು ಬದಿಗಿಟ್ಟರೆ ಐತಿಹ್ಯ ಹುಟ್ಟಿದ ನೆಲವನ್ನೇ ಬದಿಗಿಟ್ಟಂತಾಗುತ್ತದೆ.

ಆ ಭೂಮಿ ಖಾಲಿಯಾಗಿರಲಿಲ್ಲ, ಮೂಲನಿವಾಸಿಗಳದಾಗಿತ್ತು ಎಂಬುದು ಬೇರೆ ಮಾತು. ಇನ್ನೊಂದು ಸಂಗತಿ ಇದಕ್ಕಿಂತಲೂ ನೇರವಾಗಿ ಕೋಷ್ಟಕಕ್ಕೆ ಸಂಬಂಧಿಸಿದುದು. 1850ರ ಅಮೆರಿಕದ ಜನಗಣತಿಯಲ್ಲಿ ಗುಲಾಮರಿಗೆ ಪ್ರತ್ಯೇಕ ಹಾಳೆಗಳಿದ್ದವು. ಅಲ್ಲಿ ಬರೆದದ್ದು ಒಡೆಯನ ಹೆಸರು. ಗುಲಾಮರದು ವಯಸ್ಸು, ಲಿಂಗ, ಬಣ್ಣ ಮಾತ್ರ. ಹೆಸರಿಲ್ಲದವನನ್ನು 1880ರಲ್ಲಿ ಹುಡುಕುವುದು ಹೇಗೆ? ಆದಕಾರಣ ಹತ್ತೊಂಬತ್ತನೆಯ ಶತಮಾನದ ಮುಕ್ತ ಅಮೆರಿಕ ಎಂದು ನಾವು ಅಳೆಯುತ್ತಿರುವುದು ಬಿಳಿಯ ಪುರುಷರ ಅಮೆರಿಕವನ್ನು. ಪೀಟರ್ ಬ್ಲಾವ್ ಮತ್ತು ಓಟಿಸ್ ಡಡ್ಲಿ ಡಂಕನ್ 1962ರ ದೊಡ್ಡ ಸಮೀಕ್ಷೆಯನ್ನು ಬಳಸಿದಾಗ ಕಪ್ಪು ಜನರ ವಿಷಯದಲ್ಲಿ ವಿಚಿತ್ರವೊಂದು ಕಂಡಿತು. ತಂದೆ ಉತ್ತಮ ಕಸುಬಿನಲ್ಲಿದ್ದರೂ ಮಗ ಅದನ್ನು ಉಳಿಸಿಕೊಳ್ಳಲಾರದೆ ಕೆಳಗೆ ಜಾರುತ್ತಿದ್ದ. ತಂದೆಯ ಕಸುಬಿಗೂ ಮಗನ ಕಸುಬಿಗೂ ನಂಟು ಕಡಿಮೆಯಿದ್ದರೆ ಸಮಾಜ ಮುಕ್ತವೆಂದು ಕೋಷ್ಟಕ ಹೇಳುತ್ತದೆ; ಇಲ್ಲಿ ಆ ನಂಟನ್ನು ಕಡಿದದ್ದು ಜನಾಂಗಭೇದ.

ಸ್ತ್ರೀಯರ ಸ್ಥಿತಿಯೂ ಹೀಗೆಯೇ. ಜನಪದ ಕಥೆಗಳಲ್ಲಿ ಅಂತಸ್ತು ಬದಲಿಸುವವರು ಗಂಡಸರಷ್ಟೇ ಅಲ್ಲ. ಸಿಂಡ್ರೆಲಾ ಕಥೆಯ ಅಸಂಖ್ಯ ಪಾಠಗಳು ಮದುವೆಯ ಮೂಲಕ ಮೇಲೇರುವ ಹೆಣ್ಣಿನವು. ಕೋಷ್ಟಕಗಳ ಅಡ್ಡಸಾಲಿನಲ್ಲಿ ತಂದೆ, ಕಂಬಸಾಲಿನಲ್ಲಿ ಮಗ. ಮಗಳಿಗೆ ಮನೆಯೇ ಇರಲಿಲ್ಲ. 1970ರ ದಶಕದಲ್ಲಿ ಸ್ತ್ರೀವಾದಿ ವಿದ್ವಾಂಸರು ಇದನ್ನು ಪ್ರಶ್ನಿಸಿದರು. ಗೋಲ್ಡ್‌ತೋರ್ಪ್ 1983ರಲ್ಲಿ ಹಳೆಯ ಕ್ರಮವನ್ನೇ ಸಮರ್ಥಿಸಿ ಲೇಖನ ಬರೆದ. ಆ ಸಮರ್ಥನೆ ನನಗೆ ಒಪ್ಪಿಗೆಯಾಗಿಲ್ಲ.

ಚಲನೆಯ ಘಟಕ ವ್ಯಕ್ತಿ ಎಂಬ ಗ್ರಹಿಕೆಯೂ ಈ ಕೋಷ್ಟಕಗಳಲ್ಲಿ ಅಡಗಿದೆ. ನಮ್ಮಲ್ಲಿ ಎಂ. ಎನ್. ಶ್ರೀನಿವಾಸ್ 1952ರಲ್ಲಿ ಕೊಡವರನ್ನು ಕುರಿತ ಗ್ರಂಥದಲ್ಲಿ ಸಂಸ್ಕೃತೀಕರಣದ ಪರಿಕಲ್ಪನೆಯನ್ನು ಮುಂದಿಟ್ಟಾಗ, ಏರಲು ಹೊರಟದ್ದು ಒಬ್ಬ ಮಗನಲ್ಲ, ಇಡೀ ಜಾತಿ. ಕುಲಪುರಾಣಗಳನ್ನು ಸಂಗ್ರಹಿಸಿದವರಿಗೆ ಇದು ಹೊಸದಲ್ಲ. ಹಿಂದೆ ಮೇಲಿದ್ದೆವು, ಯಾವುದೋ ಶಾಪದಿಂದಲೋ ವಂಚನೆಯಿಂದಲೋ ಕೆಳಗಾದೆವು ಎಂದು ಅವು ಹೇಳುತ್ತವೆ. ವಿಟಿಂಗ್ಟನ್ನನ ಕಥೆ ಉನ್ನತನೊಬ್ಬನಿಗೆ ಬಡ ಬಾಲ್ಯವನ್ನು ಕಲ್ಪಿಸುತ್ತದೆ. ಕುಲಪುರಾಣ ಬಡ ಸಮುದಾಯಕ್ಕೆ ಉನ್ನತ ಬಾಲ್ಯವನ್ನು ಕಲ್ಪಿಸುತ್ತದೆ.

ಅರ್ಥಶಾಸ್ತ್ರಜ್ಞರು ಕಸುಬಿನ ಬದಲು ವರಮಾನವನ್ನು ಹೋಲಿಸತೊಡಗಿದ ಮೇಲೆ ದೇಶದೇಶಗಳ ನಡುವಿನ ಅಂತರ ಮತ್ತೆ ಎದ್ದು ಕಾಣತೊಡಗಿತು. ಮೈಲ್ಸ್ ಕೊರಾಕ್ 2013ರಲ್ಲಿ ಕ್ರೋಡೀಕರಿಸಿದ ಅಂಕಗಳಂತೆ ತಂದೆಯ ವರಮಾನದ ಅಂತರ ಮಗನಲ್ಲಿ ಉಳಿಯುವ ಪ್ರಮಾಣ ಡೆನ್ಮಾರ್ಕಿನಲ್ಲಿ ಸುಮಾರು 0.15, ಕೆನಡಾದಲ್ಲಿ 0.19, ಅಮೆರಿಕದಲ್ಲಿ 0.47, ಬ್ರಿಟನ್ನಿನಲ್ಲಿ 0.5. ಅಂಕ ದೊಡ್ಡದಾದಷ್ಟೂ ಚಲನೆ ಕಡಿಮೆ. ಅಸಮಾನತೆ ಹೆಚ್ಚಿರುವ ದೇಶಗಳಲ್ಲಿಯೇ ಚಲನೆ ಕಡಿಮೆಯೆಂದು ತೋರಿಸುವ ರೇಖೆಗೆ 2012ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ ಗ್ಯಾಟ್ಸ್‌ಬಿಯ ಹೆಸರನ್ನೇ ಇಟ್ಟ. 1925ರ ಕಾದಂಬರಿಯ ಆ ನಾಯಕನೂ ತನ್ನ ಬಡ ಹುಟ್ಟನ್ನು ಮರೆಮಾಚಿ ಮೇಲೇರಿದವನು. ರಾಜ್ ಚೆಟ್ಟಿ ಮತ್ತು ಸಹೋದ್ಯೋಗಿಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಅಮೆರಿಕದಲ್ಲಿ 1940ರಲ್ಲಿ ಹುಟ್ಟಿದವರಲ್ಲಿ ಸುಮಾರು ಶೇ. 90ರಷ್ಟು ಮಂದಿ ತಂದೆತಾಯಿಯರಿಗಿಂತ ಹೆಚ್ಚು ಗಳಿಸಿದರು. 1980ರ ದಶಕದಲ್ಲಿ ಹುಟ್ಟಿದವರಲ್ಲಿ ಅದು ಸುಮಾರು ಶೇ. 50.

ಕಥೆ ಉಳಿದು ಅದರ ನೆಲ ಕುಸಿದಾಗ ಹೊಣೆ ಕೇಳುಗನ ಮೇಲೆ ಬೀಳುತ್ತದೆ. ಎಲ್ಲರೂ ಏರಬಹುದಾದರೆ ಏರದವನದೇ ತಪ್ಪು. ಬ್ರಿಟನ್ನಿನ ಮೈಕೆಲ್ ಯಂಗ್ 1958ರ ತನ್ನ ವಿಡಂಬನೆ 'ದಿ ರೈಸ್ ಆಫ್ ದಿ ಮೆರಿಟೋಕ್ರಸಿ'ಯಲ್ಲಿ ಇದನ್ನೇ ಮುಂಗಂಡಿದ್ದ. ಆ ಪದವನ್ನು ರಾಜಕಾರಣಿಗಳು ಆದರ್ಶವೆಂಬಂತೆ ಬಳಸುವುದನ್ನು ಕಂಡು 2001ರಲ್ಲಿ ಬಹಿರಂಗವಾಗಿ ಆಕ್ಷೇಪಿಸಿದ. ಆದರೆ ಇದು ವ್ಯಕ್ತಿಯ ಒಳಗೆ ಹೇಗೆ ಕೆಲಸಮಾಡುತ್ತದೆಂಬುದು ಕೋಷ್ಟಕದಲ್ಲಿ ಕಾಣದು; ಅದಕ್ಕೆ ಅವನ ಬಾಯಿಂದಲೇ ಕಥೆ ಕೇಳಬೇಕು. ಬ್ರಯಾನ್ ಜಾಕ್ಸನ್ ಮತ್ತು ಡೆನಿಸ್ ಮಾರ್ಸ್‌ಡನ್ 1962ರಲ್ಲಿ, ಹಡರ್ಸ್‌ಫೀಲ್ಡ್ ಪಟ್ಟಣದಲ್ಲಿ ಗ್ರಾಮರ್ ಶಾಲೆ ಮುಗಿಸಿದ 88 ಕಾರ್ಮಿಕ ಮಕ್ಕಳ ಬಗೆಗೆ ಬರೆದದ್ದು ಇಂಥ ಕೆಲಸ. ರಿಚರ್ಡ್ ಸೆನೆಟ್ ಮತ್ತು ಜೊನಾಥನ್ ಕಾಬ್ 1972ರಲ್ಲಿ ಪ್ರಕಟಿಸಿದ ಬಾಸ್ಟನ್ ಕಾರ್ಮಿಕರ ಸಂದರ್ಶನಗಳೂ ಅಂಥವೇ. ಅವರಲ್ಲೊಬ್ಬ ಇಟಲಿ ಮೂಲದ ಕೂಲಿಯ ಮಗ. ಮಾಂಸ ಕಡಿಯುವ ಕಸುಬಿನಿಂದ ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ಪರಿಶೀಲಿಸುವ ಹುದ್ದೆಗೆ ಬಂದವನು. ಲಿಪ್ಸೆಟ್ ಮತ್ತು ಬೆಂಡಿಕ್ಸ್ ಎಳೆದ ಗೆರೆಯನ್ನು ಅವನು ದಾಟಿದ್ದಾನೆ. ಯಾವ ಕೋಷ್ಟಕದಲ್ಲಿಯೂ ಅವನು ಏರಿದವರ ಮನೆಯಲ್ಲಿಯೇ ಬೀಳುತ್ತಾನೆ. ಸಂದರ್ಶಕರ ಮುಂದೆ ಅವನು ತನ್ನ ವಿದ್ಯೆಯ ಕೊರತೆಗೆ ಸಮಜಾಯಿಷಿ ಕೊಡುತ್ತ ಹೋಗುತ್ತಾನೆ. ಬ್ಯಾಂಕಿನಲ್ಲಿ ತಾನು ಮಾಡುತ್ತಿರುವುದು ಅವನ ಕಣ್ಣಿಗೆ ನಿಜವಾದ ಕೆಲಸವಲ್ಲ. ಮಾಂಸ ಕಡಿಯುತ್ತಿದ್ದುದೇ ಕೆಲಸ.